ಕೊನೆಯ ಮುನ್ನೂರು ಅಡಿ

ಓಲೀಟಾ ಕಾಡಿಲ್‌ಗೆ ಐವತ್ತೇಳು ತುಂಬಿದ ಆ ವರ್ಷ ಅವಳು ಹಾಸಿಗೆಯ ಮೇಲೆ ಮಲಗಿದ್ದಕ್ಕಿಂತ ಕಾರಿನ ಅಡಿಯಲ್ಲಿ ಮಲಗಿದ್ದೇ ಹೆಚ್ಚೇನೋ. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ವೃದ್ಧಾಶ್ರಮದ ಲಾಂಡ್ರಿಯಲ್ಲಿ ದುಡಿತ. ಒದ್ದೆ ಹಾಸುಬಟ್ಟೆಗಳನ್ನು ಯಂತ್ರದಿಂದ ಎಳೆಯುವುದು, ಒಣಗಿಸುವುದು, ಮಡಿಸುವುದು, ಮತ್ತೆ ಎಳೆಯುವುದು. ಎರಡೂವರೆಗೆ ಮನೆ ಸೇರಿದರೆ ಬೂಟು ಬಿಚ್ಚುವುದಕ್ಕೂ ಮೊದಲೇ ಗ್ಯಾರೇಜಿನಿಂದ ಗಂಡನ ದನಿ ಕೇಳುತ್ತಿತ್ತು.

"ಲೀಟಾ, ಬಂದ್ಯಾ? ಅರ್ಧ ಇಂಚಿನ ಸ್ಪ್ಯಾನರ್ ಎಲ್ಲಿಟ್ಟೆ?"

"ಕುತ್ತಿಗೆಗೆ ಕಟ್ಕೊಂಡು ಕೆಲಸಕ್ಕೆ ಹೋಗಿದ್ದೆ. ಒಂದ್ ಲೋಟ ಕಾಫಿ ಕುಡಿಯೋಕೆ ಬಿಡ್ತೀಯಾ?"

"ಕುಡಿ, ಕುಡಿ. ಕುಡೀತಾನೇ ಬಾ."

ಹರ್ಷೆಲ್ ಕೆಟ್ಟ ಗಂಡನೇನಲ್ಲ. ಇಬ್ಬರೂ ಕೆಂಟಕಿಯ ಗುಡ್ಡದ ಕಡೆಯವರು, ಕೆಲಸ ಹುಡುಕಿಕೊಂಡು ಓಹಾಯೋಗೆ ಬಂದವರು. ಅವನು ಮೂವತ್ನಾಲ್ಕು ವರ್ಷ ಆಕ್ಸಲ್ ಕಾರ್ಖಾನೆಯ ಕುಲುಮೆ ಮುಂದೆ ನಿಂತ. ಮೈಮುರಿದು ದುಡಿದವನಿಗೆ ಒಂದೇ ಒಂದು ಚಟ, ಅದು ಎಪ್ಪತ್ತೊಂದನೇ ಇಸವಿಯಲ್ಲಿ ಹೊಸದಾಗಿ ಕೊಂಡ ಹಸಿರು ನೋವಾ ಕಾರು. ಚಿಕ್ಕ ಮೈಗೆ ದೊಡ್ಡ ಎಂಜಿನ್ ತುರುಕಿ ಮಾರುತ್ತಿದ್ದ ಕಾಲದ ಮಸಲ್ ಕಾರು ಅದು. ಇಬ್ಬರು ಹೆಣ್ಣುಮಕ್ಕಳು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ, ವಾರದ ದಿನಸಿ ಬರುತ್ತಿದ್ದದ್ದೂ ಅದರಲ್ಲೇ. ಶನಿವಾರ ಮಧ್ಯಾಹ್ನ ಮಾತ್ರ ಅದು ಊರಾಚೆಯ ಕಾಲು ಮೈಲಿ ಓಟದ ದಾರಿಗೆ ಹೋಗಿ ನಿಲ್ಲುತ್ತಿತ್ತು.

ಆ ದಾರಿಯ ಮಂದಿಗೆ ಕಾಲು ಮೈಲಿಯನ್ನು ಹದಿನಾಲ್ಕು ಸೆಕೆಂಡಿನಲ್ಲಿ ಓಡುವ ಗಾಡಿ ತರಕಾರಿ ತರುವ ಗಾಡಿ. ಹದಿಮೂರು ಎಂದು ಶುರುವಾಗುವ ಸಮಯ ಬಂದರೆ, ಅದು ಹದಿಮೂರು ಪಾಯಿಂಟ್ ತೊಂಬತ್ತೊಂಬತ್ತೇ ಆಗಿರಲಿ, ಟೋಪಿ ಮುಟ್ಟಿ ತಲೆದೂಗುತ್ತಾರೆ. ಹರ್ಷೆಲ್ ಇಪ್ಪತ್ತೇಳು ವರ್ಷ ಆ ಹದಿಮೂರಕ್ಕೆ ಕಾದ. ಕಾರ್ಖಾನೆಯಿಂದ ಬಂದ ಹಾಗೇ ಇದ್ದ ಎಂಜಿನ್ ಹದಿನೈದರ ಆಸುಪಾಸಿನಲ್ಲಿ ಓಡುತ್ತಿತ್ತು. ಅವನು ತಿಣುಕಿ ತಿಣುಕಿ ಹದಿನಾಲ್ಕು ಪಾಯಿಂಟ್ ಆರಕ್ಕೆ ಇಳಿಸಿದ್ದ. ಅದರಾಚೆ ಇಳಿಸಲು ಬೇಕಾದ ಸಾಮಾನಿಗೆಂದು ಎತ್ತಿಟ್ಟದ್ದೆಲ್ಲ ಒಮ್ಮೆ ಮಗಳ ಹಲ್ಲಿಗೆ, ಒಮ್ಮೆ ಮನೆಯ ಮಾಡಿಗೆ ಹೋಯಿತು. "ನಿವೃತ್ತಿ ಆದ್ಮೇಲೆ ನೋಡ್ಕೊಳ್ಳೋಣ" ಅನ್ನುತ್ತಿದ್ದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ನಿವೃತ್ತಿಯ ವರ್ಷವೇ ಸಕ್ಕರೆ ಕಾಯಿಲೆ ಅವನ ಪಾದಗಳ ಸ್ಪರ್ಶವನ್ನು ತಿಂದು ಹಾಕಿತು. ಅಕ್ಟೋಬರಿನ ಒಂದು ಶನಿವಾರ ಗುರಿ ದಾಟಿದ ಮೇಲೆ ಬ್ರೇಕ್ ಒತ್ತಿದೆನೆಂದುಕೊಂಡು ಪೆಟ್ರೋಲ್ ಪೆಡಲನ್ನೇ ಒತ್ತಿ ಪಕ್ಕದ ಜೋಳದ ಹೊಲಕ್ಕೆ ನುಗ್ಗಿದ. ಗಾಡಿಗೂ ಅವನಿಗೂ ಏನೂ ಆಗಲಿಲ್ಲ, ಆದರೆ ಅಲ್ಲಿಯವರು ಅವನ ಓಟದ ಪರವಾನಗಿ ವಾಪಸು ಪಡೆದರು. ಸ್ಪರ್ಶ ಮರಳಿತೆಂದು ಡಾಕ್ಟರು ಬರೆದುಕೊಟ್ಟ ದಿನ ಬನ್ನಿ ಎಂದರು. ಅದು ತಪ್ಪೆಂದು ಹೇಳಲಾಗದು, ಆದರೆ ಹರ್ಷೆಲ್ ಮೂರು ದಿನ ಗ್ಯಾರೇಜಿನತ್ತ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಗ್ಯಾರೇಜಿನಲ್ಲಿ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಕೂತು ಹೆಂಡತಿಯನ್ನು ಕರೆದ.

"ಬೇಸಿಗೆ ಹೊತ್ತಿಗೆ ಕಾಲು ಸರಿ ಹೋಗತ್ತೆ. ಅಷ್ಟರೊಳಗೆ ನಮ್ ನೋವಾನ ಸಿದ್ಧ ಮಾಡಿಡೋಣ. ನಾನು ಹೇಳ್ತೀನಿ, ನೀನು ಮಾಡು."

"ನಂಗೇನ್ ಗೊತ್ತೋ ಎಂಜಿನ್ ವಿಷಯ?"

"ಇಪ್ಪತ್ತೇಳು ವರ್ಷ ಟಾರ್ಚ್ ಹಿಡಿದಿದ್ದೀಯಲ್ಲ. ಈಗ ಟಾರ್ಚ್ ನಾನು ಹಿಡೀತೀನಿ."

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬುದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಣ ಬೇಡದ ಕೆಲಸ ಮೊದಲು, ಹಣ ಬೇಡುವುದು ಆಮೇಲೆ. ಏರ್ ಫಿಲ್ಟರಿನ ಮುಚ್ಚಳವನ್ನು ತಿರುವಿ ಹಾಕಿಸಿದ. ಎಂಜಿನ್ ಇನ್ನೊಂದಿಷ್ಟು ಗಾಳಿ ಎಳೆದುಕೊಂಡಿತು, ಖರ್ಚು ಸೊನ್ನೆ. ಹಿಂದಿನ ಸೀಟು ಕಳಚಿ ಜಗಲಿಗೆ ಹೋಯಿತು, ಹೆಚ್ಚುವರಿ ಚಕ್ರ, ಜಾಕು ಎಲ್ಲವೂ ಹೊರಬಿದ್ದವು. ಕಿಡಿ ಇನ್ನೂ ಬೇಗ ಹಾರಲೆಂದು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟಾಣಿ ಸ್ಪ್ರಿಂಗು ಬದಲಾದವು. ಅವು ಒಂದು ಊಟದ ಬೆಲೆಗೆ ಬಂದವು. ಇನ್ನು ಉಳಿದದ್ದಕ್ಕೆ ಕ್ಲೀಟಸ್‌ನ ಗುಜರಿ ಇತ್ತು. ಕ್ಲೀಟಸ್ ಹರ್ಷೆಲ್‌ನ ಹಳೆಯ ಗೆಳೆಯ, ಶನಿವಾರದ ದಾರಿಯ ಖಾಯಂ ಗಿರಾಕಿ. ಜಜ್ಜಿಹೋದ ಪೊಲೀಸ್ ಕಾರಿನಿಂದ ದೊಡ್ಡ ಕಾರ್ಬ್ಯುರೇಟರ್ ಬಿಚ್ಚಿಕೊಟ್ಟ, ಹಳೆಯ ಕಾರೊಂದರ ಹಿಂದಿನ ಆಕ್ಸಲ್‌ನಿಂದ ಗಾಡಿ ಬೇಗ ನೆಗೆಯುವಂಥ ಗೇರು ಕೊಟ್ಟ. ಯಾರೋ ಓಟ ಬಿಟ್ಟವರ ಹೊಗೆಕೊಳವೆಗಳು ಬಂದವು, ಇನ್ನಾರೋ ಅರ್ಧ ಸವೆಸಿದ, ನೆಲಕ್ಕೆ ಅಂಟಿ ಹಿಡಿಯುವ ಟಯರುಗಳು ಬಂದವು.

ಹೇಳುವುದಕ್ಕೆ ನಾಲ್ಕು ಸಾಲು, ಮಾಡುವುದಕ್ಕೆ ಐದು ತಿಂಗಳು. ಜನವರಿಯ ಚಳಿಯಲ್ಲಿ ಸಿಮೆಂಟ್ ನೆಲಕ್ಕೆ ರಟ್ಟು ಹಾಸಿಕೊಂಡು ಓಲೀಟಾ ಗೇರು ಕೂರಿಸಿದಳು. ಕೈ ಮರಗಟ್ಟಿ ಬೋಲ್ಟು ಮುಖದ ಮೇಲೆ ಬಿತ್ತು. ಹರ್ಷೆಲ್ ಡಬ್ಬಿಯ ಮೇಲಿಂದ "ಸ್ವಲ್ಪ ಎಡಕ್ಕೆ ಕಣೇ, ಎಡಕ್ಕೆ" ಅಂದ.

"ಯಾರ ಎಡಕ್ಕೆ? ಮಲಗಿರೋಳ ಎಡಕ್ಕೋ, ಕೂತು ಉಪದೇಶ ಮಾಡೋನ ಎಡಕ್ಕೋ?"

ಅವನು ನಕ್ಕ. ಆ ಚಳಿಗಾಲದಲ್ಲಿ ಅವನು ನಗುವುದು ಈ ಗ್ಯಾರೇಜಿನಲ್ಲಿ ಮಾತ್ರ ಎಂಬುದನ್ನು ಓಲೀಟಾ ಗಮನಿಸಿದ್ದಳು. ಅದಕ್ಕೇ ಸೊಂಟ ಬಿದ್ದುಹೋದರೂ ಅವಳು ರಟ್ಟಿನ ಮೇಲೆ ಮಲಗುತ್ತಿದ್ದಳು.

ಏಪ್ರಿಲಿನಲ್ಲಿ ಓಟದ ದಾರಿ ಮತ್ತೆ ತೆರೆಯಿತು. ಕಾಲು ಸರಿಹೋಗಿರಲಿಲ್ಲ. ಹದ ನೋಡುವುದಕ್ಕಾದರೂ ಯಾರಾದರೂ ಓಡಿಸಬೇಕಲ್ಲ ಎಂದು ಹರ್ಷೆಲ್ ಅವಳನ್ನೇ ಕೂರಿಸಿದ. ಹಸಿರು ದೀಪ ಹತ್ತಿತು, ಪೆಡಲ್ ಒತ್ತಿದಳು, ಕಾರು ಅವಳ ಬೆನ್ನನ್ನು ಸೀಟಿಗೆ ಅಪ್ಪಳಿಸಿ ಹಾರಿತು. ಸಾವಿರ ಅಡಿಯ ಗುರುತಿನ ಕಂಬ ದಾಟುತ್ತಲೇ ಹೆದರಿ ಕಾಲನ್ನು ಹಿಂದಕ್ಕೆ ತೆಗೆದಳು. ಉಳಿದ ಮುನ್ನೂರು ಚಿಲ್ಲರೆ ಅಡಿ ಕಾರು ತನ್ನಷ್ಟಕ್ಕೆ ತೇಲಿಕೊಂಡು ಹೋಯಿತು. ಹೊರದಾರಿಯ ಗೂಡಿನಲ್ಲಿ ಕೂತು ಸಮಯದ ಚೀಟಿ ಕೊಡುವ ಬರ್ನೀಸ್ ಕಿಟಕಿಯಿಂದ ಕೈ ಚಾಚಿದಳು. ಹದಿನಾಲ್ಕು ಪಾಯಿಂಟ್ ಸೊನ್ನೆ ಎಂಟು.

ಬೇಲಿಯ ಹತ್ತಿರ ನಿಂತಿದ್ದ ಕ್ಲೀಟಸ್ ಕಾರಿನ ಕಿಟಕಿಗೆ ಬಾಗಿ ಪಿಸುಗುಟ್ಟಿದ. "ಅಲ್ಲಮ್ಮಾ, ಕೊನೇಲಿ ಯಾಕೆ ಬಿಟ್ಟೆ? ಒತ್ಕೊಂಡೇ ಇದ್ದಿದ್ರೆ ಹದಿಮೂರು ಆಗಿರೋದು. ಗಂಡ ಇಪ್ಪತ್ತೇಳು ವರ್ಷ ಬಡ್ಕೊಂಡಿದ್ದನ್ನ ನೀನು ಮೊದಲ್ನೇ ದಿನವೇ ಹೊಡೆದು ಬಿಸಾಕ್ತಿದ್ದೆ!"

ಅವನು ತಮಾಷೆಗೆ ಅಂದದ್ದು. ಓಲೀಟಾ ತಿರುಗಿ ನೋಡಿದಳು. ದೂರದಲ್ಲಿ ಹರ್ಷೆಲ್ ಊರುಗೋಲು ಹಿಡಿದು, ನೆಲ ಎಲ್ಲಿದೆ ಎಂದು ತಿಳಿಯದವನಂತೆ ಹೆಜ್ಜೆ ಹುಡುಕುತ್ತಾ ಬರುತ್ತಿದ್ದ. ಕಾರ್ಖಾನೆ ಹೋಯಿತು, ಕಾಲು ಹೋಯಿತು, ಅವನಿಗೆಂದು ಈ ಲೋಕದಲ್ಲಿ ಉಳಿದದ್ದು ಆ ಒಂದು ಹದಿಮೂರು. ಅದನ್ನೂ ತಾನು, ಲಾಂಡ್ರಿಯವಳು, ಕಸಿದುಕೊಳ್ಳುವುದೇ? "ಕ್ಲೀಟಸ್, ಇದನ್ನ ಬಾಯ್ಬಿಟ್ಟೀಯಾ, ನೋಡು" ಅಂದಳು. ಕ್ಲೀಟಸ್ ಅವಳ ಮುಖ ನೋಡಿ ತಮಾಷೆ ನಿಲ್ಲಿಸಿದ.

ಅಂದಿನಿಂದ ಪ್ರತಿ ಶನಿವಾರ ಅವಳು ಬೇಕೆಂದೇ ಅದೇ ಕಂಬದ ಹತ್ತಿರ ಕಾಲು ಹಿಂದೆಗೆದಳು. ಹದಿನಾಲ್ಕು ಪಾಯಿಂಟ್ ಒಂದು, ಹದಿನಾಲ್ಕು ಪಾಯಿಂಟ್ ಸೊನ್ನೆ ಆರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡಳು. ಗಾಡಿ ಹದವಾಗಿದೆ, ಹದಿಮೂರು ಅವನಿಗಾಗಿ ಕಾದಿದೆ. ಅವನ ಕಾಲು ಸರಿಹೋದ ದಿನ ಅವನೇ ಬಂದು ತೆಗೆದುಕೊಳ್ಳಲಿ.

ಆದರೆ ಅದು ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಲೆಕ್ಕವಾಗಿತ್ತು. ಇಷ್ಟು ವರ್ಷ ಅವಳು ಚೀಟಿಯಲ್ಲಿ ನೋಡುತ್ತಿದ್ದದ್ದು ಒಟ್ಟು ಸಮಯವೊಂದನ್ನೇ. ಅದೇ ಚೀಟಿಯ ಮೇಲೆ ಅರುವತ್ತು ಅಡಿಯ ಸಮಯ, ಅರ್ಧ ದಾರಿಯ ಸಮಯ, ಅಲ್ಲಿನ ವೇಗ, ಗುರಿಯ ವೇಗ ಎಲ್ಲವೂ ಅಚ್ಚಾಗಿರುತ್ತದೆ. ಹರ್ಷೆಲ್ ಅದನ್ನು ಬೈಬಲಿನ ಹಾಗೆ ಓದುವವನು. ಎರಡನೆಯ ವಾರವೇ ಅವನ ಹುಬ್ಬು ಗಂಟಾಯಿತು.

"ಅರ್ಧ ದಾರೀಲಿ ಗಾಡಿ ಹದಿಮೂರು ಪಾಯಿಂಟ್ ಎಂಟರ ಓಟ ಓಡ್ತಿದೆ. ಕೊನೇಲಿ ಉಸಿರು ಕಟ್ತಿದೆ. ಗುರಿ ಹತ್ರ ತೊಂಬತ್ತೆಂಟು ಮೈಲಿ ಇರಬೇಕು, ತೊಂಬತ್ತೂ ಇಲ್ಲ. ನೀನೇನಾದ್ರೂ ಬಿಟ್ಯಾ?"

"ಇಲ್ಲಪ್ಪ."

ಮೂವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ಸುಳ್ಳು ಹೇಳಿದ್ದು ಅವನಿಗೆ ನೆನಪಿಲ್ಲ. ಅವನು ನಂಬಿದ. "ಹಾಗಾದ್ರೆ ಪೆಟ್ರೋಲು ಸಾಲ್ತಿಲ್ಲ" ಅಂದ.

ಅಲ್ಲಿಂದ ಶುರುವಾಯಿತು ನೋಡಿ, ಇಲ್ಲದ ರೋಗಕ್ಕೆ ಮದ್ದು. ಎಂಜಿನ್ನಿಗೆ ಪೆಟ್ರೋಲ್ ಹರಿಸುವ ಪಂಪು ಬದಲಾಯಿತು. ಶನಿವಾರ ಓಡಿದರೆ ಮತ್ತೆ ಅದೇ ಉಸಿರುಕಟ್ಟು. ಫಿಲ್ಟರು, ಆಮೇಲೆ ಎಂಟೂ ಸ್ಪಾರ್ಕ್ ಪ್ಲಗ್ಗು, ಆಮೇಲೆ ಕಾರ್ಬ್ಯುರೇಟರಿನ ತೂತುಗಳು. ಗಾಳಿ ಬಿಸಿಯಾಗಿದೆಯೆಂದು ಜುಲೈನಲ್ಲಿ ಎಂಜಿನ್ ಮೇಲೆ ಮಂಜುಗಡ್ಡೆಯ ಚೀಲ ಇಟ್ಟದ್ದೂ ಆಯಿತು. ಒಂದೊಂದೂ ಅಗ್ಗದ್ದೇ, ಆದರೆ ಒಂದೊಂದಕ್ಕೂ ಓಲೀಟಾಳ ಒಂದೊಂದು ವಾರ. ಗುಡ್ಡ ಅಗೆಯುವವಳಿಗೆ ಇಲಿಯೂ ಇಲ್ಲವೆಂದು ಮೊದಲೇ ಗೊತ್ತು, ಆದರೂ ಅಗೆಯಬೇಕು. ಎಂಟು ಗಂಟೆ ಹಾಸುಬಟ್ಟೆ ಎಳೆದ ಕೈಗಳಿಂದ ತಾನೇ ಹುಟ್ಟಿಸಿದ ದೋಷವನ್ನು ರಿಪೇರಿ ಮಾಡುತ್ತಾ ಅವಳು ಮಲಗಿದ್ದಲ್ಲೇ ತೂಕಡಿಸುತ್ತಿದ್ದಳು.

ಆಗಸ್ಟಿನಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಇಳಿಸಬೇಕೆಂದ.

"ಹರ್ಷೆಲ್, ಇರಲಿ ಬಿಡೋ. ಹದಿನಾಲ್ಕೇನು ಕಮ್ಮಿನಾ? ತರಕಾರಿ ತರೋಕೆ ಧಾರಾಳ ಆಯ್ತು."

"ಕೊಳವೆ ಬಾಯಲ್ಲಿ ಕಸ ಕೂತಿರತ್ತೆ. ಇದೊಂದು ನೋಡೋಣ ಕಣೇ. ಇದೊಂದೇ."

ಟ್ಯಾಂಕು ಜಾರಿ ಅವಳ ಭುಜದ ಮೇಲೆ ಕೂತಿತು. ಹದಿನೈದು ದಿನ ಎಡಗೈ ಮೇಲಕ್ಕೆ ಏಳಲಿಲ್ಲ, ಲಾಂಡ್ರಿಯಲ್ಲಿ ಒಂದೇ ಕೈಯಲ್ಲಿ ಮಡಿಸಿದಳು. ಟ್ಯಾಂಕಿನೊಳಗೆ ಕಸ ಇರಲಿಲ್ಲ. ಹರ್ಷೆಲ್ ಟಾರ್ಚ್ ಹಿಡಿದು ಆ ಖಾಲಿ ಟ್ಯಾಂಕಿನೊಳಗೆ ತುಂಬ ಹೊತ್ತು ನೋಡುತ್ತಾ ಕೂತಿದ್ದ. ಆ ದಿನದಿಂದ ಗ್ಯಾರೇಜಿನಲ್ಲಿ ಅವನ ನಗು ನಿಂತಿತು. ಬೀನ್ಸ್ ಸಾರಿಗೆ ಜೋಳದ ಬ್ರೆಡ್ಡು ಅದ್ದಿ ಅದ್ದಿ ತಿನ್ನದೆ ಹಾಗೇ ಇಡುತ್ತಿದ್ದ. ಓಲೀಟಾಳಿಗೆ ಮರುಕವೂ ಬಂತು, ಸಿಟ್ಟೂ ಬಂತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಅವನ ಕಾಲು ಕಣ್ಣಿಗೆ ಬೀಳುತ್ತಿತ್ತು, ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಸೆಪ್ಟೆಂಬರಿನಲ್ಲಿ ಡಾಕ್ಟರು ಅವನ ಪಾದಕ್ಕೆ ಸೂಜಿಯಿಂದ ಚುಚ್ಚಿ ಚುಚ್ಚಿ ನೋಡಿದರು. ಹರ್ಷೆಲ್ ಗೋಡೆ ನೋಡುತ್ತಾ ಕೂತಿದ್ದ, ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ. ಇನ್ನು ಸ್ಪರ್ಶ ಮರಳುವುದಿಲ್ಲ, ಇರುವ ಕಾಲನ್ನು ಉಳಿಸಿಕೊಳ್ಳುವುದೇ ದೊಡ್ಡದು ಎಂದರು. ಓಲೀಟಾ ಕಾರನ್ನು ಮನೆಗೆ ಓಡಿಸಿಕೊಂಡು ಬಂದಳು. ಅಂಗಳದಲ್ಲಿ ಇಳಿಯುವಾಗ ಅವನು ಹೇಳಿದ.

"ಈ ಶನಿವಾರ ಕೊನೇ ಓಟ. ಮುಗಿದ ತಕ್ಷಣ ಕ್ಲೀಟಸ್ ಟ್ರೈಲರ್ ತರ್ತಾನೆ. ಗಾಡಿ ಅವನಿಗೆ ಕೊಟ್ಟುಬಿಡೋದು."

"ಯಾಕೆ? ನಾನು ಓಡಿಸ್ತೀನಲ್ಲ."

"ಓಡ್ಸಿ ಏನ್ಮಾಡೋದು? ಆರು ತಿಂಗಳಿಂದ ಒಂದು ದೋಷ ಹಿಡಿಯೋಕಾಗ್ಲಿಲ್ಲ ನಂಗೆ. ಕುರುಡನೂ ಹಿಡೀತಿದ್ದ. ಕಾಲು ಹೋಯ್ತು ಅಂದ್ಕೊಂಡಿದ್ದೆ, ಕೈನೂ ಹೋಯ್ತು ಕಣೇ. ಗೊತ್ತಿದ್ದದ್ದೆಲ್ಲ ಹೋಯ್ತು."

ಅವನು ಒಳಗೆ ಹೋದ. ಓಲೀಟಾ ಅಂಗಳದಲ್ಲೇ ನಿಂತಳು. ಕಾಪಾಡಲು ಹೊರಟದ್ದು ಏನನ್ನು, ಹಾಳುಮಾಡಿದ್ದು ಏನನ್ನು ಎಂದು ಅವಳಿಗೆ ಆಗ ತಿಳಿಯಿತು. ಆದರೂ ಆ ವಾರವೆಲ್ಲ ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ದಣಿದವರಿಗೆ ಧೈರ್ಯವೂ ಬೇಗ ಬರುವುದಿಲ್ಲ.

ಶನಿವಾರ ಮೋಡವಿತ್ತು, ಗಾಳಿ ತಣ್ಣಗಿತ್ತು, ಎಂಜಿನ್‌ಗಳಿಗೆ ಹಬ್ಬದಂಥ ಹವೆ. ಸಾಲಿನಲ್ಲಿ ಅವಳ ಮುಂದೆ ಮೂರು ಕಾರುಗಳಿದ್ದವು. ಹರ್ಷೆಲ್ ಊರುಗೋಲು ಊರಿ ಅವಳ ಕಿಟಕಿಯ ಪಕ್ಕ ನಿಂತಿದ್ದ, ಟಯರಿನ ಗಾಳಿ ಕೂಡ ನೋಡಿರಲಿಲ್ಲ. ಬೇಲಿಯ ಆಚೆ ಕ್ಲೀಟಸ್ ಟ್ರೈಲರ್ ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬಂದವನಂತೆ ಕಾಯುತ್ತಿದ್ದ.

"ಹರ್ಷೆಲ್, ಗಾಡೀಲಿ ಏನೂ ಇಲ್ಲ."

"ಗೊತ್ತು. ಏನೂ ಉಳ್ದಿಲ್ಲ ಅಂತಾನೇ ಕೊಡ್ತಿರೋದು."

"ಹಂಗಲ್ಲ. ದೋಷ ಏನೂ ಇಲ್ಲ. ಸಾವಿರ ಅಡಿ ಕಂಬ ದಾಟಿದ್ಮೇಲೆ ನಾನೇ ಕಾಲು ಹಿಂದಕ್ಕೆ ತಗೋತಿದ್ದೆ. ಏಪ್ರಿಲ್‌ನಿಂದ. ಪ್ರತಿ ಸಲ."

ಅವನು ಅವಳನ್ನು ನೋಡಿದ. ಮುಂದಿನ ಕಾರು ಹೊರಟ ಸದ್ದಿಗೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

"ಆ ಪಂಪು?"

"ಚೆನ್ನಾಗೇ ಇತ್ತು."

"ಪ್ಲಗ್ಗುಗಳು?"

"ಅವೂ."

"ಆ ಟ್ಯಾಂಕು? ನಿನ್ ಭುಜದ ಮೇಲೆ ಬಿತ್ತಲ್ಲ. ಹದಿನೈದು ದಿನ ತಲೆ ಬಾಚ್ಕೊಳ್ಳೋಕಾಗ್ಲಿಲ್ಲ ನಿಂಗೆ. ಅದೂ ಸುಮ್ನೆ?"

"ಅದೂ ಸುಮ್ನೆ."

"ಹುಚ್ಚೀನಾ ನೀನು? ಯಾಕೆ?"

"ಹದಿಮೂರು ನಿಂದು ಅಂತ. ನೀನು ಬರ್ತೀಯ, ನೀನೇ ತಗೋಬೇಕು ಅಂತ."

ಅವನು ಊರುಗೋಲನ್ನು ಕಾರಿಗೆ ಆನಿಸಿದ. "ಕಾಲು ಹೋಗಿದ್ದು ನಂಗೆ ಅಕ್ಟೋಬರಲ್ಲೇ ಗೊತ್ತಿತ್ತು, ಲೀಟಾ. ಆ ಜೋಳದ ಹೊಲದಲ್ಲೇ ಗೊತ್ತಾಗಿತ್ತು. ಸರಿಹೋಗತ್ತೆ ಅಂದಿದ್ದು ನಿಂಗೋಸ್ಕರ, ನೀನು ಅಳ್ತೀಯ ಅಂತ. ಆದ್ರೆ ಈ ಕೈ ಮೇಲೆ ನಂಗೆ ನಂಬಿಕೆ ಇತ್ತು. ಅದನ್ನ ನೀನು ಕಿತ್ಕೊಂಡೆ. ಇಡೀ ಬೇಸಿಗೆ ನಾನು ಮುದಿಗೂಬೆ ಆಗೋದೆ, ಏನೂ ತಿಳಿಯದೋನು ಆಗೋದೆ ಅಂದ್ಕೊಂಡೆ."

ಸಾಲು ನೋಡುವವನು ಓಲೀಟಾಳತ್ತ ಕೈ ಬೀಸಿದ. ಹರ್ಷೆಲ್ ಬಾಗಿ ಅವಳ ಸೀಟಿನ ಪಟ್ಟಿ ಎಳೆದು ಬಿಗಿ ಮಾಡಿದ. ಆಮೇಲೆ ಕಾರಿನ ಮಾಡಿಗೆ ಅಂಗೈಯಿಂದ ಎರಡು ಸಲ ಬಡಿದ.

"ಹೋಗು. ಇವತ್ತು ಬಿಟ್ಯೋ, ಮನೆಗೆ ನಡ್ಕೊಂಡು ಬಾ."

ಹಸಿರು ದೀಪ ಹತ್ತಿತು. ಓಲೀಟಾ ಒತ್ತಿದಳು. ಸೊಂಟ ನೋಯುತ್ತಿತ್ತು, ಭುಜ ನೋಯುತ್ತಿತ್ತು, ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಕಣ್ಣು ತುಂಬಿತ್ತು. ಸಾವಿರ ಅಡಿಯ ಕಂಬ ಬಂತು. ರೂಢಿಯಿಂದ ಪಾದ ಸಡಿಲಾಗಲು ಹೊರಟಿತು. ಅವಳು ಬೈದುಕೊಂಡೇ ಅದನ್ನು ಒತ್ತಿ ಹಿಡಿದಳು. ಆರು ತಿಂಗಳಲ್ಲಿ ಹತ್ತೊಂಬತ್ತು ಸಲ ಬಂದ ದಾರಿ, ಆದರೆ ಆ ಕೊನೆಯ ಮುನ್ನೂರು ಅಡಿಯನ್ನು ಅವಳು ಪೂರ್ತಿ ವೇಗದಲ್ಲಿ ಕಂಡೇ ಇರಲಿಲ್ಲ. ಎಂಜಿನ್ ಒದರಿತು, ಬೇಲಿ ಬಣ್ಣವಿಲ್ಲದ ಗೆರೆಯಾಯಿತು, ಅವಳ ಬಾಯಿಂದ ಅವಳಿಗೇ ಗುರುತಿಲ್ಲದ ಕೂಗೊಂದು ಹೊರಟಿತು.

ಗೂಡಿನ ಬರ್ನೀಸ್ ಚೀಟಿ ನೋಡಿ, ಅವಳನ್ನು ನೋಡಿ, ಮತ್ತೆ ಚೀಟಿ ನೋಡಿದಳು. "ಏನೇ ಇದು, ನಿನ್ ಗಂಡಂಗೆ ತೋರಿಸ್ದೆ ಬಚ್ಚಿಡ್ತೀಯೋ?"

"ಬಚ್ಚಿಟ್ಟಿದ್ದು ಸಾಕಾಯ್ತಮ್ಮಾ" ಅಂದಳು ಓಲೀಟಾ.

ಹದಿಮೂರು ಪಾಯಿಂಟ್ ಎಂಟು ನಾಲ್ಕು. ಹರ್ಷೆಲ್ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಅರುವತ್ತು ಅಡಿ, ಅರ್ಧ ದಾರಿ, ಸಾವಿರ ಅಡಿ, ಗುರಿಯ ಬಳಿ ತೊಂಬತ್ತೆಂಟು ಮೈಲಿ ವೇಗ. ಪ್ರತಿ ಸಾಲೂ ಅವನು ಚಳಿಗಾಲದಲ್ಲಿ ಡಬ್ಬಿಯ ಮೇಲೆ ಕೂತು ಹಾಕಿದ ಲೆಕ್ಕದಂತೆಯೇ ಇತ್ತು. ಅಷ್ಟರಲ್ಲಿ ಟೋಪಿ ಹಿಸುಕುತ್ತಾ ಕ್ಲೀಟಸ್ ಬಂದ.

"ಹರ್ಷೆಲ್, ಟ್ರೈಲರ್..."

"ಖಾಲಿ ಹೊಡ್ಕೊಂಡು ಹೋಗು. ನಿಂಗೂ ಗೊತ್ತಿತ್ತು ತಾನೇ, ಕಳ್ಳ ನನ್ಮಗನೇ?"

ಕ್ಲೀಟಸ್ ಟೋಪಿ ತಲೆಗೆ ಹಾಕಿಕೊಂಡು ಹೋದ. ಹರ್ಷೆಲ್ ಬಾಗಿಲು ತೆಗೆದು, ಒಂದು ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಇನ್ನೊಂದನ್ನೂ ಎತ್ತಿಟ್ಟು, ಓಲೀಟಾಳ ಪಕ್ಕದ ಸೀಟಿನಲ್ಲಿ ಕೂತ. ಇಬ್ಬರೂ ದಣಿದಿದ್ದರು. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಅದು ಇಳಿಯಲು ಒಂದು ಚಳಿಗಾಲ ಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಕೊನೇ ಮುನ್ನೂರು ಅಡಿ ಹೇಗಿತ್ತು?" ಅಂದ ಅವನು.

"ನೀನು ಇಪ್ಪತ್ತೇಳು ವರ್ಷ ಓಡ್ಸಿಲ್ವಾ?"

"ಹದಿನಾಲ್ಕರಲ್ಲಿ ಓಡ್ಸಿದ್ದೀನಿ. ಹದಿಮೂರು ನಂಗೆ ಗೊತ್ತಿಲ್ಲ. ನೀನೇ ಹೇಳ್ಬೇಕು."

ಇಷ್ಟು ವರ್ಷವೂ ಓಟದ ಕತೆ ಹೇಳುವವನು ಅವನು, ಕೇಳುವವಳು ಅವಳು. ಎಲ್ಲಿಂದ ಶುರುಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಹರ್ಷೆಲ್ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಆನಿಸಿದ.

"ಕಂಬ ದಾಟ್ತು" ಅಂದಳು. "ಕಾಲು ತೆಗಿಬೇಕು ಅನ್ನಿಸ್ತು. ತೆಗೀಲಿಲ್ಲ."

ಅವನ ಬಲಗಾಲು ಕಾರಿನ ನೆಲವನ್ನು ಒತ್ತಿ ಹಿಡಿದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

"ಹೂಂ," ಅಂದ. "ಆಮೇಲೆ?"